ಹಾಕದೇ ಬಿದ್ದ ಬೀಗ: ದಾವಣಗೆರೆಯ ಒಂದು ಸ್ಟುಡಿಯೊದ 4 ಟಿಬಿ ಡಿಸ್ಕ್ ಪ್ರಕರಣ

ಸೋಮವಾರ ಬೆಳಿಗ್ಗೆ ಅಂಗಡಿ ಷಟರ್ ಎತ್ತುವ ಹೊತ್ತಿಗೆ ಅವರು ಬಂದು ನಿಂತಿದ್ದರು. ಕೈಯಲ್ಲಿ ಬಟ್ಟೆ ಚೀಲ. ಅದರೊಳಗೆ ಟವೆಲ್ ಸುತ್ತಿದ ಹಾರ್ಡ್ ಡಿಸ್ಕ್, ಬಿಚ್ಚಿಟ್ಟ ಪ್ಲಾಸ್ಟಿಕ್ ಡಬ್ಬಿ, ಬೆರಳಗಲದ ಒಂದು ಹಸಿರು ಬೋರ್ಡು. "ಆರು ವರ್ಷದ ಮದುವೆ ಎಲ್ಲಾ ಇದರಲ್ಲೇ ಐತಿ. ಹೋಯ್ತು ಅಂತ ಮಾತ್ರ ಹೇಳಬೇಡಿ" ಅಂದರು.

ನಿಟುವಳ್ಳಿ ಕಡೆ ಅವರದ್ದು ಫೋಟೊ ಸ್ಟುಡಿಯೊ. ಮದುವೆ, ನಾಮಕರಣ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ. ಕ್ಯಾಮೆರಾದಿಂದ ಬಂದ ಮೂಲ ಚಿತ್ರಗಳೆಲ್ಲ ಮೇಜಿನ ಮೇಲಿನ ಈ ಒಂದು 4 ಟಿಬಿ ಡಬ್ಬಿಗೆ ಹೋಗುತ್ತಿದ್ದವು. ಅಡಾಪ್ಟರ್‌ನಿಂದ ಕರೆಂಟ್ ತಗೊಂಡು ಯುಎಸ್‌ಬಿಯಿಂದ ಕಂಪ್ಯೂಟರ್‌ಗೆ ಸೇರುವ ದೊಡ್ಡ ಡಬ್ಬಿ ಇರುತ್ತದಲ್ಲ, ಆ ಥರದ್ದು. ಎರಡನೇ ಪ್ರತಿ ಇರಲಿಲ್ಲ. ಎರಡು ಮದುವೆಯ ಆಲ್ಬಂ ಇನ್ನೂ ಪ್ರಿಂಟಿಗೆ ಹೋಗಿರಲಿಲ್ಲ. ಅದರಲ್ಲಿ ಒಂದು ಮನೆಯಲ್ಲಿ, ಮದುವೆಯಾಗಿ ತಿಂಗಳಾಗುವ ಮೊದಲೇ ಹುಡುಗಿಯ ಅಜ್ಜಿ ತೀರಿಕೊಂಡಿದ್ದರು. ಅಜ್ಜಿಯ ಕೊನೆಯ ಫೋಟೊಗಳು ಈ ಡಿಸ್ಕ್‌ನಲ್ಲೇ ಇದ್ದವು. ಅದನ್ನು ಹೇಳುವಾಗ ಅವರ ದನಿ ನಡುಗಿತು.

ಆಗಿದ್ದು ಇಷ್ಟು. ಶನಿವಾರ ರಾತ್ರಿ ಮೇಜು ಒರೆಸುವಾಗ ವೈರುಗಳನ್ನೆಲ್ಲ ಕಿತ್ತಿಟ್ಟು ಮತ್ತೆ ಚುಚ್ಚಿದ್ದಾರೆ. ಡಬ್ಬಿಯ ಅಡಾಪ್ಟರ್ 12 ವೋಲ್ಟ್. ಪಕ್ಕದಲ್ಲಿದ್ದ ಹಳೇ ಲ್ಯಾಪ್‌ಟಾಪಿನ ಅಡಾಪ್ಟರ್ 19 ವೋಲ್ಟ್. ಎರಡರ ಪಿನ್ನೂ ಹೊರಗಿನಿಂದ ಒಂದೇ ಗಾತ್ರ. 19ರದ್ದು ಡಬ್ಬಿಗೆ ಹೋಯಿತು. "ಟಪ್" ಅಂದಿತು, ಸುಟ್ಟ ವಾಸನೆ ಬಂತು, ದೀಪ ಆರಿತು.

ಭಾನುವಾರ ಎಡಿಟಿಂಗ್ ಹುಡುಗ ವಿಡಿಯೊ ನೋಡಿಕೊಂಡು ಡಬ್ಬಿ ಬಿಚ್ಚಿದ. ಒಳಗೆ ಸಾಮಾನ್ಯ ಸಾಟಾ ಡಿಸ್ಕ್, ಅಂದರೆ ಕಂಪ್ಯೂಟರ್‌ನ ಒಳಗೇ ನೇರ ಜೋಡಿಸುವಂಥದ್ದು. ಜೀವ ಬಂದಂಗಾಯ್ತು ಅವನಿಗೆ. ಸೀದಾ ಕಂಪ್ಯೂಟರ್‌ಗೆ ಜೋಡಿಸಿದ. ಡಿಸ್ಕ್ ತಿರುಗಿತು, 4 ಟಿಬಿ ಅಂತ ಗಾತ್ರವೂ ಬಂತು. ಆದರೆ ವಿಂಡೋಸ್ "ಈ ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕು" ಎಂದು, ಅಂದರೆ ಹೊಸ ಡಿಸ್ಕ್‌ನ ಹಾಗೆ ಬಳಕೆಗೆ ಅಣಿ ಮಾಡಬೇಕು ಎಂದು, ಕೇಳಿತು. ಹುಡುಗ ಹೆದರಿ ಕ್ಯಾನ್ಸಲ್ ಒತ್ತಿದ. ಆ ಒಂದು ಕ್ಯಾನ್ಸಲ್ ಈ ಪ್ರಕರಣದಲ್ಲಿ ಎಷ್ಟು ದೊಡ್ಡದು ಎಂದು ಮುಂದೆ ಹೇಳುತ್ತೇನೆ.

ಡಿಸ್ಕ್ ಚೆನ್ನಾಗಿದೆ, ಫೋಟೊ ಇಲ್ಲ

ನಾನು ಮೊದಲು ನೋಡಿದ್ದು ಡಿಸ್ಕ್ ಬದುಕಿದೆಯಾ ಅಂತ. ಶಬ್ದ ಸರಿಯಾಗಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರ್, ಅಂದರೆ ಡೇಟಾ ಇಡುವ ಪುಟ್ಟ ಖಾನೆ, ಒಂದೂ ಇರಲಿಲ್ಲ. ಅಂದರೆ 19 ವೋಲ್ಟ್ ಏಟು ಆ ಸಣ್ಣ ಬೋರ್ಡಿಗಷ್ಟೇ ತಗುಲಿತ್ತು. ಅದನ್ನು ಬ್ರಿಡ್ಜ್ ಬೋರ್ಡ್ ಅಂತೀವಿ. ಒಂದು ಕಡೆ ಸಾಟಾ, ಇನ್ನೊಂದು ಕಡೆ ಯುಎಸ್‌ಬಿ, ನಡುವೆ ಒಂದು ಚಿಪ್.

ನನ್ನ ಮೊದಲ ಅನುಮಾನ ಬೇರೆಯೇ ಇತ್ತು. 2 ಟಿಬಿಗಿಂತ ದೊಡ್ಡ ಡಿಸ್ಕ್ ಇರುವ ಕೆಲವು ಡಬ್ಬಿಗಳು ಒಳಗಿನ 512 ಬೈಟಿನ ಸೆಕ್ಟರ್‌ಗಳನ್ನು ಎಂಟೆಂಟು ಸೇರಿಸಿ 4096 ಬೈಟಿನ ಸೆಕ್ಟರ್ ಎಂದು ಕಂಪ್ಯೂಟರ್‌ಗೆ ತೋರಿಸುತ್ತವೆ. ಡಿಸ್ಕನ್ನು ಹೊರತೆಗೆದು ನೇರ ಜೋಡಿಸಿದರೆ ಲೆಕ್ಕ ತಪ್ಪುತ್ತದೆ, ಪಾರ್ಟಿಷನ್ ಕಾಣುವುದಿಲ್ಲ. ಡೇಟಾ ಮಾತ್ರ ಹಾಗೇ ಇರುತ್ತದೆ. ಅದಾಗಿದ್ದರೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ.

ಹಾಗಾಗಿ ಡಿಸ್ಕ್‌ನ ಬೈಟುಗಳನ್ನು ಇದ್ದ ಹಾಗೆ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ, ಓದಲಷ್ಟೇ ಆಗುವಂತೆ ಡಿಸ್ಕ್ ತೆರೆದೆ. ಮೊದಲ ಸೆಕ್ಟರ್‌ನ ಕೊನೆಯ ಎರಡು ಬೈಟ್ 55 ಎಎ ಆಗಿರಬೇಕು. ಇರಲಿಲ್ಲ. ಪಾರ್ಟಿಷನ್ ಶುರುವಾಗುವ ಕಡೆ ವಿಂಡೋಸ್ ಫೈಲ್ ಜೋಡಣೆಯ ಗುರುತಾದ ಎನ್‌ಟಿಎಫ್‌ಎಸ್ ಅನ್ನುವ ನಾಲ್ಕು ಅಕ್ಷರ ಎಲ್ಲಾದರೂ ಸಿಗಬೇಕು. ಹುಡುಕಿದೆ, ಸಿಗಲಿಲ್ಲ. ಎಲ್ಲಿ ನೋಡಿದರೂ ಅರ್ಥವಿಲ್ಲದ ಬೈಟುಗಳು. ಬರೀ ಸೆಕ್ಟರ್ ಲೆಕ್ಕ ತಪ್ಪಿದ್ದರೆ ಹೀಗಾಗುವುದಿಲ್ಲ. ಅಕ್ಷರಗಳು ಜಾಗ ಬದಲಿಸಬಹುದು, ಮಾಯವಾಗುವುದಿಲ್ಲ.

ಫೋಟೊ ಫೈಲೂ ಹೆಕ್ಸ್‌ನಲ್ಲಿ ಕಲಸುಮೇಲೋಗರದ ಥರವೇ ಕಾಣುತ್ತದೆ. ಅದಕ್ಕೇ ಫೋಟೊ ಇರುವ ಜಾಗ ಬಿಟ್ಟು ಏನೂ ಇರದ ಜಾಗಕ್ಕೆ ಹೋದೆ. ಈ ಡಿಸ್ಕ್‌ನಲ್ಲಿ ಮುಕ್ಕಾಲು ಭಾಗವಷ್ಟೇ ತುಂಬಿತ್ತು ಎಂದು ಅವರು ಹೇಳಿದ್ದರು. ಪೂರ್ತಿ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ನಲ್ಲಿ ಫೈಲ್ ಬೀಳದ ಜಾಗದಲ್ಲಿ ಸೊನ್ನೆಗಳ ಸಾಲು ಇರಬೇಕು. ಕೊನೆಯ ಭಾಗಕ್ಕೆ ಹೋಗಿ ನೋಡಿದರೆ ಸೊನ್ನೆ ಇರಲಿಲ್ಲ. ಅದರ ಬದಲು ಒಂದು ಸಾಲು, 16 ಬೈಟ್. ಅದರ ಕೆಳಗೆ ಅದೇ ಸಾಲು. ಅದರ ಕೆಳಗೂ ಅದೇ. ಮೌಸ್ ಚಕ್ರ ತಿರುಗಿಸುತ್ತಾ ಹೋದೆ. ಪುಟಗಟ್ಟಲೆ ಅದೇ 16 ಬೈಟ್, ಸೀರೆ ಅಂಚಿನ ಚಿತ್ತಾರದ ಹಾಗೆ.

ಅಲ್ಲಿಗೆ ನನಗೆ ಗೊತ್ತಾಯಿತು. ಎಇಎಸ್ ಅನ್ನುವ ಗೂಢಲಿಪಿ ವಿಧಾನ ಡೇಟಾವನ್ನು 16 ಬೈಟಿನ ತುಂಡು ಮಾಡಿಯೇ ಕೆಲಸ ಮಾಡುವುದು. ಅದನ್ನು ಇಸಿಬಿ ಅನ್ನುವ ಅತಿ ಸರಳ ರೀತಿಯಲ್ಲಿ ಬಳಸಿದರೆ ಒಂದೇ ಥರದ ತುಂಡು ಯಾವಾಗಲೂ ಒಂದೇ ಥರ ಬದಲಾಗುತ್ತದೆ. 16 ಸೊನ್ನೆ ಕೊಟ್ಟಾಗಲೆಲ್ಲ ಅದೇ ಉತ್ತರ. ನಾನು ನೋಡುತ್ತಿದ್ದುದು ಸೊನ್ನೆಗಳನ್ನೇ, ಆದರೆ ಬೀಗದ ಆಚೆಯಿಂದ. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿತ್ತು.

"ನಾನು ಪಾಸ್‌ವರ್ಡೇ ಹಾಕಿಲ್ಲ"

ಇದನ್ನು ಹೇಳಿದಾಗ ಅವರು ನಂಬಲಿಲ್ಲ. "ಸಾರ್, ನಾನು ಒಂದು ದಿನ ಪಾಸ್‌ವರ್ಡ್ ಹಾಕಿಲ್ಲ. ಚುಚ್ಚಿದ್ರೆ ಸುಮ್ನೆ ಓಪನ್ ಆಗ್ತಿತ್ತು. ಲಾಕ್ ಎಲ್ಲಿಂದ ಬಂತು?" ನ್ಯಾಯವಾದ ಪ್ರಶ್ನೆ. ಈ ಪ್ರಕರಣದ ತಿರುಳೂ ಇದೇ.

ಅವರಿಗೆ ನಾನು ಹೇಳಿದ್ದು ಹೀಗೆ. ಒಂದು ಅಡಿಕೆ ಗೋಡೌನ್ ಇದೆ ಅಂದುಕೊಳ್ಳಿ. ಅದರ ಬಾಗಿಲಿಗೆ ಕಟ್ಟಿದ ದಿನದಿಂದಲೇ ಬೀಗ ಇದೆ. ತೆಗೆಯೋಕೆ ಆಗದ ಬೀಗ. ಅದರ ಕೀಲಿ ಬಾಗಿಲ ಪಕ್ಕದ ಒಂದು ಸಣ್ಣ ಪೆಟ್ಟಿಗೆಯಲ್ಲಿದೆ. ನೀವು ಪಾಸ್‌ವರ್ಡ್ ಹಾಕಿದರೆ ಆ ಸಣ್ಣ ಪೆಟ್ಟಿಗೆಗೆ ಬೀಗ ಬೀಳುತ್ತದೆ. ಹಾಕದಿದ್ದರೆ ಪೆಟ್ಟಿಗೆ ತೆರೆದೇ ಇರುತ್ತದೆ, ಕಾವಲುಗಾರ ತಾನೇ ಕೀಲಿ ತೆಗೆದು ನಿಮಗೆ ಬಾಗಿಲು ತೆರೆಯುತ್ತಾನೆ. ಹಾಗಾಗಿ ಬೀಗ ಇದೆ ಅಂತಲೇ ನಿಮಗೆ ಗೊತ್ತಾಗುವುದಿಲ್ಲ. ಕಾವಲುಗಾರ ಆ ಬೋರ್ಡಿನ ಚಿಪ್. ಶನಿವಾರ ರಾತ್ರಿ ಸತ್ತಿದ್ದು ಅವನು.

ಹೀಗೆ ಮಾಡುವುದಕ್ಕೆ ಕಾರಣ ಇದೆ. ಡೇಟಾ ಮೇಲಿನ ಕೀಲಿ ಒಂದು, ಆ ಕೀಲಿಯನ್ನು ಕಾಯುವ ಕೀಲಿ ಇನ್ನೊಂದು. ನೀವು ನಾಳೆ ಪಾಸ್‌ವರ್ಡ್ ಬದಲಿಸಿದರೆ 4 ಟಿಬಿಯನ್ನು ಮತ್ತೆ ಬರೆಯಬೇಕಾಗಿಲ್ಲ, ಒಳಗಿನ ಸಣ್ಣ ಕೀಲಿಯನ್ನಷ್ಟೇ ಹೊಸದಾಗಿ ಸುತ್ತಿಟ್ಟರೆ ಆಯಿತು. ಕ್ಷಣದ ಕೆಲಸ. ಡಿಸ್ಕ್ ಮಾರುವಾಗ ಅಳಿಸಬೇಕು ಅಂದರೂ ಒಳಗಿನ ಕೀಲಿಯನ್ನು ನಾಶ ಮಾಡಿದರೆ ಸಾಕು, ಇಡೀ ಡಿಸ್ಕ್ ಕಸವಾಗುತ್ತದೆ. ತನ್ನನ್ನು ತಾನೇ ಎನ್‌ಕ್ರಿಪ್ಟ್ ಮಾಡಿಕೊಳ್ಳುವ ಎಸ್‌ಎಸ್‌ಡಿಗಳಲ್ಲೂ ಇದೇ ಏರ್ಪಾಡು. ಅಲ್ಲಿ ಚಿಪ್ ಡಿಸ್ಕ್‌ನ ಒಳಗೇ ಇರುತ್ತದೆ, ಇಲ್ಲಿ ಡಬ್ಬಿಯ ಬೋರ್ಡಿನ ಮೇಲಿತ್ತು. ಏರ್ಪಾಡು ಜಾಣತನದ್ದೇ. ಆದರೆ ಡಬ್ಬಿ ಕೊಂಡವರಿಗೆ ಇದನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು. ಬೋರ್ಡು ಸತ್ತರೆ ಡಿಸ್ಕ್ ಇದ್ದೂ ಇಲ್ಲದ ಹಾಗೆ ಎನ್ನುವ ಒಂದು ಸಾಲು. ಅದು ಇಲ್ಲದಿದ್ದುದು ನನಗೆ ಈಗಲೂ ಸರಿ ಅನ್ನಿಸುವುದಿಲ್ಲ.

"ಹಂಗಾದ್ರೆ ಕಳ್ಳ ಒಯ್ದಿದ್ರೂ ಅವನಿಗೂ ಸಿಗ್ತಿರಲಿಲ್ಲ ಅಲ್ವಾ?" ಎಂದು ಕೇಳಿದರು. ಇಲ್ಲ, ಸಿಗುತ್ತಿತ್ತು. ಕಳ್ಳ ಡಬ್ಬಿ ಸಮೇತ ಒಯ್ದು ಚುಚ್ಚಿದ್ದರೆ ಕಾವಲುಗಾರ ಅವನಿಗೂ ಬಾಗಿಲು ತೆರೆಯುತ್ತಿದ್ದ. ಪಾಸ್‌ವರ್ಡ್ ಇರಲಿಲ್ಲವಲ್ಲ. ಆರು ವರ್ಷ ಆ ಬೀಗ ಯಾವ ಕಳ್ಳನನ್ನೂ ತಡೆಯುವ ಸ್ಥಿತಿಯಲ್ಲಿರಲಿಲ್ಲ, ಕೊನೆಗೆ ತಡೆದಿದ್ದು ಯಜಮಾನನನ್ನು.

ಕೀಲಿ ಇಲ್ಲದೆ ಒಡೆಯಬಹುದಾ ಎಂದೂ ಕೇಳಿದರು. ಅದು ಆಗದ ಮಾತು. ಎಇಎಸ್ ಅಂದರೆ ಬೆಲ್ಜಿಯಂನ ಯೋನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ ವಿಧಾನ, 2001ರಲ್ಲಿ ಅಮೆರಿಕ ಅದನ್ನು ಮಾನದಂಡ ಮಾಡಿಕೊಂಡಿತು. 256 ಬಿಟ್ ಕೀಲಿಯಾದರೆ ಸಾಧ್ಯವಿರುವ ಕೀಲಿಗಳ ಸಂಖ್ಯೆ ಬರೆಯಲು 78 ಅಂಕಿ ಬೇಕು. ಇಸಿಬಿ ರೀತಿಯಲ್ಲಿ ಸೊನ್ನೆಗಳ ಗುರುತು ಸಿಕ್ಕಿತು ನಿಜ. ಅದರಿಂದ ಬೀಗ ಇದೆ ಅಂತ ಗೊತ್ತಾಗುತ್ತದೆ, ಕೀಲಿ ಗೊತ್ತಾಗುವುದಿಲ್ಲ.

ಹಾಗಾದರೆ ಉಳಿದ ದಾರಿ ಒಂದೇ, ಕೀಲಿ ಎಲ್ಲಿದೆ ಎಂದು ಹುಡುಕುವುದು.

ಕೀಲಿ ಇದ್ದ ಜಾಗ

ಈ ಥರದ ಡಬ್ಬಿಗಳಲ್ಲಿ ಕೀಲಿ ಎರಡು ಕಡೆ ಇರಬಹುದು. ಕೆಲವು ವಿನ್ಯಾಸದಲ್ಲಿ ಬೋರ್ಡಿನ ಮೇಲಿನ ಪುಟ್ಟ ಮೆಮೊರಿ ಚಿಪ್‌ನಲ್ಲಿ. ಕೆಲವದರಲ್ಲಿ ಡಿಸ್ಕ್‌ನ ತುತ್ತತುದಿಯಲ್ಲಿ, ಡಬ್ಬಿ ಕಂಪ್ಯೂಟರ್‌ಗೆ ತೋರಿಸದೇ ಮುಚ್ಚಿಟ್ಟುಕೊಂಡ ಸೆಕ್ಟರ್‌ಗಳಲ್ಲಿ. ಎರಡನೇದಾದರೆ ಅದೇ ಮಾದರಿಯ ಇನ್ನೊಂದು ಬೋರ್ಡು ಆ ಕೀಲಿಯನ್ನು ಓದಿಕೊಳ್ಳುವ ಆಸೆ ಇದೆ, ಪಾಸ್‌ವರ್ಡ್ ಹಾಕಿಲ್ಲವಾದ್ದರಿಂದ.

ಡಿಸ್ಕ್‌ನ ಕೊನೆಯಿಂದ ಹಿಂದಕ್ಕೆ ನೋಡುತ್ತಾ ಬಂದೆ. ಅಲ್ಲಿ ಸಾಲು ಸಾಲು ನಿಜವಾದ ಸೊನ್ನೆ. ಚಿಪ್ ಮುಟ್ಟದ ಜಾಗ. ಆ ಸೊನ್ನೆಗಳ ನಡುವೆ ಒಂದೇ ಒಂದು ತುಂಬಿದ ಸೆಕ್ಟರ್, ಅದರ ಶುರುವಿನಲ್ಲಿ ಓದಲು ಬರುವ ಒಂದು ಚಿಕ್ಕ ಗುರುತು. ಕುರ್ಚಿಯಿಂದ ಎದ್ದು ಒಂದು ಲೋಟ ನೀರು ಕುಡಿದೆ. ಇದು ಕೀಲಿಯ ಪೆಟ್ಟಿಗೆಯೇ ಆಗಿರಬೇಕು.

ಈಗ ಆ ಕ್ಯಾನ್ಸಲ್ ಬಗ್ಗೆ. ಹುಡುಗ ಇನಿಷಿಯಲೈಸ್‌ಗೆ ಹೂಂ ಅಂದಿದ್ದರೆ ಏನಾಗುತ್ತಿತ್ತು? ಈ ಗಾತ್ರದ ಡಿಸ್ಕ್‌ಗೆ ಸಾಮಾನ್ಯವಾಗಿ ಜಿಪಿಟಿ ಅನ್ನುವ ಪಾರ್ಟಿಷನ್ ಪಟ್ಟಿಯ ಮಾದರಿ ಆರಿಸುತ್ತಾರೆ. ಜಿಪಿಟಿ ಡಿಸ್ಕ್‌ನ ತಲೆಗೆ ಒಂದು ಪಟ್ಟಿ ಬರೆದು, ಅದರ ನಕಲನ್ನು ಕೊನೆಯ 33 ಸೆಕ್ಟರ್‌ಗಳಲ್ಲಿ ಬರೆಯುತ್ತದೆ. ಅಂದರೆ ಕೀಲಿ ಅಡಗಿರುವ ಬೀದಿಯಲ್ಲೇ. ಕೀಲಿಯ ಸೆಕ್ಟರ್ ಮೇಲೆ ಬಿದ್ದೇ ಬೀಳುತ್ತಿತ್ತು ಅನ್ನಲಾರೆ, ಆದರೆ ಬಿದ್ದಿದ್ದರೆ ಯಾವ ದೇವರೂ ಆ ಫೋಟೊಗಳನ್ನು ವಾಪಸ್ ತರುತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಹೂಂ ಅನ್ನದ ಆ ಹುಡುಗನ ಬೆನ್ನು ತಟ್ಟಿ ಎಂದು ಅವರಿಗೆ ಹೇಳಿದೆ.

ಮೂಲ ಡಿಸ್ಕ್ ಮೇಲೆ ಪ್ರಯೋಗ ಮಾಡುವ ಹಾಗಿಲ್ಲ. ಬೇರೆ ಬೋರ್ಡು ಈ ಡಿಸ್ಕ್ ನೋಡಿ "ಇದು ಹೊಸದು" ಅಂದುಕೊಂಡು ಹೊಸ ಕೀಲಿ ಬರೆದುಬಿಟ್ಟರೆ ಕಥೆ ಮುಗಿಯಿತು. ಅದಕ್ಕೆ ಮೊದಲು ನಕಲು. ಅದೇ ಕಂಪನಿಯ, ಅದೇ ಗಾತ್ರದ ಹೊಸ ಡಿಸ್ಕ್ ತರಿಸಿದೆವು. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ನಕಲು ಮಾಡುವ ಪ್ರೋಗ್ರಾಂ ಹಾಕಿ ಮೊದಲ ಸೆಕ್ಟರ್‌ನಿಂದ ಕೊನೆಯದರವರೆಗೆ ಇದ್ದದ್ದು ಇದ್ದ ಹಾಗೆ ನಕಲಿಗೆ ಬಿಟ್ಟೆ. ಸೆಕೆಂಡಿಗೆ 150 ಎಂಬಿ ಬಂದರೂ 4 ಟಿಬಿಗೆ ಏಳೂವರೆ ಗಂಟೆ ಬೇಕು. ಡಿಸ್ಕ್‌ನ ಒಳಸುತ್ತಿಗೆ ಹೋದಂತೆ ವೇಗ ಇನ್ನೂ ಇಳಿಯುತ್ತದೆ. ನಮಗೆ ಹತ್ತು ಗಂಟೆ ಹಿಡಿಯಿತು. ಮಧ್ಯೆ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಕಾಪಾಡಿತು.

ಆ ಹೊತ್ತಿನಲ್ಲಿ ಸುಟ್ಟ ಬೋರ್ಡನ್ನು ಮೊಬೈಲ್ ರಿಪೇರಿ ಮಾಡುವ ಗೆಳೆಯನ ಹತ್ತಿರ ಒಯ್ದೆ. ಕರೆಂಟ್ ಒಳಬರುವ ಕಡೆ ರಕ್ಷಣೆಗೆ ಇಡುವ ಡಯೋಡ್ ಸುಟ್ಟಿತ್ತು. ಎಷ್ಟೋ ಸಲ ಅದೊಂದೇ ಹೋಗಿರುತ್ತದೆ. ಅದನ್ನು ತೆಗೆದು 12 ವೋಲ್ಟ್ ಕೊಟ್ಟರೆ ಬೋರ್ಡು ಎದ್ದು ಕೂರುತ್ತದೆ. ಇಲ್ಲಿ ಹಾಗಾಗಲಿಲ್ಲ. ಕರೆಂಟ್ ಕೊಟ್ಟ ಕೂಡಲೇ ಬ್ರಿಡ್ಜ್ ಚಿಪ್ಪೇ ಬೆರಳಿಡಲಾರದಷ್ಟು ಬಿಸಿಯಾಯಿತು. ಕಾವಲುಗಾರ ನಿಜಕ್ಕೂ ಹೋಗಿದ್ದ.

ಅದೇ ಮಾದರಿಯ ಡಬ್ಬಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಹೊಸ ಮಾದರಿಯಲ್ಲಿ ಚಿಪ್ ಬೇರೆ, ಅದು ಉಪಯೋಗಕ್ಕಿಲ್ಲ. ಬೋರ್ಡಿನ ಮೇಲೆ ಅಚ್ಚಾಗಿದ್ದ ನಂಬರಿನ ಫೋಟೊ ತೆಗೆದು ಫೋಟೊಗ್ರಾಫರುಗಳ ವಾಟ್ಸಾಪ್ ಗುಂಪಿಗೆ ಹಾಕಿಸಿದೆ. ರಾತ್ರಿ ಚಿತ್ರದುರ್ಗದಿಂದ ಫೋನ್ ಬಂತು. ಅಲ್ಲಿಯ ಒಬ್ಬ ಸ್ಟುಡಿಯೊದವರ ಹತ್ತಿರ ಅದೇ ಡಬ್ಬಿ, ಅದೇ ವರ್ಷದ್ದು. "ನಮ್ಮ ಡಾಟಾಗೆ ಏನೂ ಆಗಲ್ಲ ತಾನೆ?" ಎಂದು ಮೂರು ಸಲ ಕೇಳಿದರು. ಕೇಳಬೇಕಾದ್ದೇ. ಬುಧವಾರ ಬೆಳಿಗ್ಗೆ ಹೈವೇ ಹಿಡಿದು ಹೋಗಿ, ಅವರ ಎದುರಿಗೇ ಡಬ್ಬಿ ಬಿಚ್ಚಿ, ಅವರ ಡಿಸ್ಕನ್ನು ಕವರಿಗೆ ಹಾಕಿ ಅವರ ಬೀರುವಿನಲ್ಲೇ ಇಡಿಸಿ, ಬೋರ್ಡು ಮಾತ್ರ ತಂದೆ.

ಮಧ್ಯಾಹ್ನ ನಕಲು ಡಿಸ್ಕ್ ಅನ್ನು ಆ ಬೋರ್ಡಿಗೆ ಜೋಡಿಸಿದೆ. ಅಡಾಪ್ಟರ್ ಮೇಲಿನ 12 ವೋಲ್ಟ್ ಅನ್ನುವುದನ್ನು ಇಬ್ಬರೂ ಜೋರಾಗಿ ಓದಿದೆವು. ದೀಪ ಹತ್ತಿತು. ಡಿಸ್ಕ್ ತಿರುಗುವ ಸದ್ದು. ನಾಲ್ಕೈದು ಸೆಕೆಂಡ್ ಏನೂ ಇಲ್ಲ. ಆಮೇಲೆ ವಿಂಡೋಸ್‌ನ ಆ ಸಣ್ಣ "ಟಿಂಗ್", ಪರದೆಯ ಮೇಲೆ ಫೋಲ್ಡರುಗಳ ಪಟ್ಟಿ. ವರನ ಹೆಸರು, ವಧುವಿನ ಹೆಸರು, ಕಲ್ಯಾಣ ಮಂಟಪದ ಹೆಸರು, ತಾರೀಖು. ಅವರು ಬೇರೇನೂ ಮಾತಾಡದೆ ಆ ಅಜ್ಜಿ ಇದ್ದ ಮದುವೆಮನೆಯ ಫೋಲ್ಡರ್ ತೆರೆದರು. ಅಕ್ಷತೆ ಹಾಕಲು ಎತ್ತಿದ ಕೈ. ಬಳೆ, ಸುಕ್ಕು, ಬೆರಳ ಸಂದಿಯಿಂದ ಜಾರುವ ಅಕ್ಕಿ ಕಾಳು. ತುಂಬ ಹೊತ್ತು ಇಬ್ಬರೂ ಅದನ್ನೇ ನೋಡಿದೆವು.

ಎಲ್ಲವನ್ನೂ ಬೇರೆ ಎರಡು ಡಿಸ್ಕ್‌ಗೆ ತುಂಬುವುದಕ್ಕೆ ಗುರುವಾರ ರಾತ್ರಿಯಾಯಿತು. ಮೂಲ ಡಿಸ್ಕ್ ಅನ್ನು ನಾನು ಇಡೀ ಪ್ರಕರಣದಲ್ಲಿ ಒಮ್ಮೆಯೂ ಆ ಬೋರ್ಡಿಗೆ ಜೋಡಿಸಲಿಲ್ಲ.

ಮುಂದೆ ಬೀಗ ಹಾಕುವುದು ಹೇಗೆ

ಬೀಗವೇ ಬೇಡ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ನಾನು ಒಪ್ಪಲಿಲ್ಲ. ಅವರ ಡಿಸ್ಕ್‌ನಲ್ಲಿ ಊರಿನ ಹೆಣ್ಣುಮಕ್ಕಳ ಫೋಟೊ, ಒಡವೆ ಸಮೇತ ಮನೆಯೊಳಗಿನ ಚಿತ್ರ, ಪಾಸ್‌ಪೋರ್ಟ್ ಫೋಟೊ ತೆಗೆಸಲು ಬಂದವರ ಆಧಾರ್ ನಕಲು ಎಲ್ಲಾ ಇದೆ. ಬೇರೆಯವರ ಮನೆಯದ್ದನ್ನು ಇಟ್ಟುಕೊಂಡವರು ಬೀಗ ಹಾಕಲೇಬೇಕು. ಆದರೆ ಕೀಲಿ ಎಲ್ಲಿದೆ ಎಂದು ನಮಗೆ ಗೊತ್ತಿರುವ ಬೀಗ ಆಗಬೇಕು.

ಹಾರ್ಡ್‌ವೇರ್ ಬೀಗವೇ ಗಟ್ಟಿ ಎಂದು ಒಂದು ಕಾಲಕ್ಕೆ ನಾನೂ ನಂಬಿದ್ದೆ. 2018ರಲ್ಲಿ ನೆದರ್‌ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಕಾರ್ಲೊ ಮೈಯರ್ ಮತ್ತು ಬರ್ನಾರ್ಡ್ ಫಾನ್ ಗಾಸ್ಟೆಲ್ ಅದನ್ನು ಕೆಲವು ಎಸ್‌ಎಸ್‌ಡಿಗಳಲ್ಲಿ ಪರೀಕ್ಷಿಸಿದರು. ಕ್ರೂಶಿಯಲ್ ಎಂಎಕ್ಸ್100, ಎಂಎಕ್ಸ್200, ಎಂಎಕ್ಸ್300, ಸ್ಯಾಮ್‌ಸಂಗ್ 840 ಇವೊ, 850 ಇವೊ, ಹೊರಗೆ ಜೋಡಿಸುವ ಟಿ3, ಟಿ5. ಇವುಗಳಲ್ಲಿ ಬೇರೆ ಬೇರೆ ಲೋಪ ಸಿಕ್ಕವು. ಕೆಲವದರಲ್ಲಿ ಪಾಸ್‌ವರ್ಡಿಗೂ ಒಳಗಿನ ಕೀಲಿಗೂ ಗಣಿತದ ಸಂಬಂಧವೇ ಇರಲಿಲ್ಲ. ಚಿಪ್ "ಪಾಸ್‌ವರ್ಡ್ ಸರಿಯಾ" ಎಂದು ಕೇಳುತ್ತಿತ್ತು ಅಷ್ಟೆ. ಡಿಸ್ಕ್‌ನ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಒಳಗಿನ ಪ್ರೋಗ್ರಾಂ, ತಿದ್ದಿ ಯಾವ ಪಾಸ್‌ವರ್ಡಿಗೂ "ಸರಿ" ಅನ್ನಿಸಿದರೆ ಬಾಗಿಲು ತೆರೆಯುತ್ತಿತ್ತು.

ಇನ್ನೂ ನೋವಿನ ವಿಷಯ ಅಂದರೆ, ಆಗ ಡಿಸ್ಕ್‌ಗೆ ಬೀಗ ಹಾಕಲು ವಿಂಡೋಸ್‌ನಲ್ಲೇ ಬರುವ ಬಿಟ್‌ಲಾಕರ್, ಡಿಸ್ಕ್ ತಾನೇ ಎನ್‌ಕ್ರಿಪ್ಟ್ ಮಾಡುತ್ತೇನೆ ಅಂದರೆ ಕೆಲಸವನ್ನು ಅದಕ್ಕೇ ಒಪ್ಪಿಸಿ ಸುಮ್ಮನಾಗುತ್ತಿತ್ತು. ಬಿಟ್‌ಲಾಕರ್ ಹಾಕಿದ್ದೇವೆ ಅಂದುಕೊಂಡವರಿಗೆ ಇದು ಗೊತ್ತೇ ಇರಲಿಲ್ಲ. 2019ರ ಸೆಪ್ಟೆಂಬರ್‌ನ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಈ ರೂಢಿ ಬದಲಿಸಿತು. ಅಲ್ಲಿಂದ ಹೊಸದಾಗಿ ಬಿಟ್‌ಲಾಕರ್ ಹಾಕಿದ ಡಿಸ್ಕ್‌ಗಳಲ್ಲಿ ಸಾಫ್ಟ್‌ವೇರ್ ಎನ್‌ಕ್ರಿಪ್ಷನ್ನೇ ಮೊದಲ ಆಯ್ಕೆ. ಅದಕ್ಕೂ ಮೊದಲು ಹಾಕಿದ್ದು ತಾನಾಗಿ ಬದಲಾಗುವುದಿಲ್ಲ. ಅಡ್ಮಿನ್ ಕಮಾಂಡ್ ಪರದೆಯಲ್ಲಿ "ಮ್ಯಾನೇಜ್-ಬಿಡಿಇ -ಸ್ಟೇಟಸ್" ಕೊಟ್ಟರೆ ಎನ್‌ಕ್ರಿಪ್ಷನ್ ವಿಧಾನದ ಮುಂದೆ ಹಾರ್ಡ್‌ವೇರ್ ಎಂದಿದೆಯೋ ಎಕ್ಸ್‌ಟಿಎಸ್-ಎಇಎಸ್‌ನಂಥ ಸಾಫ್ಟ್‌ವೇರ್ ವಿಧಾನದ ಹೆಸರಿದೆಯೋ ಕಾಣುತ್ತದೆ. ಎಕ್ಸ್‌ಟಿಎಸ್‌ನಲ್ಲಿ ಪ್ರತಿ ತುಂಡಿನ ಜಾಗವೂ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಸೊನ್ನೆಗಳು ಒಂದೊಂದು ಕಡೆ ಒಂದೊಂದು ಥರ ಕಾಣುತ್ತವೆ. ನಾನು ನೋಡಿದ ಆ ಸೀರೆ ಅಂಚು ಅಲ್ಲಿ ಇರುವುದಿಲ್ಲ.

ಸಾಫ್ಟ್‌ವೇರ್ ಆದರೆ ನಿಧಾನವಾಗುತ್ತದೆ ಎಂಬ ಭಯ ಹಳೆಯದು. 2010ರಿಂದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಇಎಸ್ ಲೆಕ್ಕಕ್ಕೆಂದೇ ಪ್ರತ್ಯೇಕ ಆದೇಶಗಳು ಬಂದಿವೆ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಂತೂ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಕೊನೆಗೆ ಮಾಡಿದ್ದು ಇದು. ಎನ್‌ಕ್ರಿಪ್ಷನ್ ಇಲ್ಲದ ಸಾದಾ ಡಬ್ಬಿ ಎರಡು, ಅದರೊಳಗೆ ಸಾಮಾನ್ಯ ಡಿಸ್ಕ್ ಎರಡು, ಎರಡಕ್ಕೂ ಬಿಟ್‌ಲಾಕರ್. ನಾಳೆ ಡಬ್ಬಿಯ ಬೋರ್ಡು ಸುಟ್ಟರೆ ಡಿಸ್ಕ್ ತೆಗೆದು ಯಾವ ವಿಂಡೋಸ್ ಕಂಪ್ಯೂಟರ್‌ಗೆ ಜೋಡಿಸಿದರೂ ಪಾಸ್‌ವರ್ಡ್ ಕೇಳಿ ತೆರೆಯುತ್ತದೆ. ಕೊಂಡು ತಂದ ದಿನವೇ ಒಂದನ್ನು ಬಿಚ್ಚಿ, ಸಾಟಾಕ್ಕೆ ನೇರ ಜೋಡಿಸಿ, ಅದು ಹಾಗೆ ತೆರೆಯುವುದನ್ನು ಅವರ ಕಣ್ಣೆದುರಿಗೇ ತೋರಿಸಿದೆ. ಪಾಸ್‌ವರ್ಡ್ ಮರೆತರೆ ಬೇಕಾಗುವ 48 ಅಂಕಿಯ ರಿಕವರಿ ಕೀ ಬರುತ್ತದಲ್ಲ, ಆರಾರು ಅಂಕಿಯ ಎಂಟು ಗುಂಪು, ಅದನ್ನು ಕಾಗದದ ಮೇಲೆ ಪ್ರಿಂಟ್ ತೆಗೆದೆವು. ಒಂದು ಮನೆಯ ಬೀರುವಿಗೆ, ಒಂದು ಹರಿಹರದಲ್ಲಿರುವ ಅವರ ತಮ್ಮನ ಮನೆಗೆ. ಎರಡನೇ ಡಿಸ್ಕೂ ಅಲ್ಲಿಗೇ ಹೋಯಿತು, ಆದರೆ ಕಾಗದ ಮತ್ತು ಡಿಸ್ಕ್ ಒಂದೇ ಕಪಾಟಿನಲ್ಲಿ ಬೇಡ ಎಂದು ಹೇಳಿದ್ದೇನೆ. ಅಡಾಪ್ಟರುಗಳ ವೈರಿಗೆ ಬಣ್ಣದ ಟೇಪ್ ಸುತ್ತಿದ್ದು ಎಡಿಟಿಂಗ್ ಹುಡುಗ, 12ಕ್ಕೆ ಹಸಿರು, 19ಕ್ಕೆ ಕೆಂಪು.

ಶನಿವಾರ ಬೋರ್ಡು ವಾಪಸ್ ಕೊಡಲು ಚಿತ್ರದುರ್ಗಕ್ಕೆ ಹೋದೆ. ಬೀರುವಿನಿಂದ ಕವರ್ ತಂದುಕೊಟ್ಟರು. ಜೋಡಿಸಿ ಚುಚ್ಚಿದೆ, ಅವರ ಫೋಲ್ಡರುಗಳೆಲ್ಲ ಬಂದವು, ಅವರು ಉಸಿರು ಬಿಟ್ಟರು. ಎರಡನೇ ಪ್ರತಿ ಎಲ್ಲಿದೆ ಎಂದು ಕೇಳಿದೆ. ಇರಲಿಲ್ಲ. ಬ್ಯಾಗಿನಲ್ಲಿ ಖಾಲಿ ಡಿಸ್ಕ್ ಇಟ್ಟುಕೊಂಡೇ ಹೋಗಿದ್ದೆ. ಕಾಪಿಗೆ ಹಾಕಿ, ಅದು ಓಡುತ್ತಿರುವುದನ್ನು ನೋಡಿ, ಸಂಜೆ ಬಸ್ ಹತ್ತಿದೆ.